ಒಂದು ಡೆನಾರಿಯಸ್ಸನ್ನು ಓದುವ ಕ್ರಮ: ರೋಮನ್ ಬೆಳ್ಳಿ ನಾಣ್ಯಗಳಿಗೆ ಪ್ರವೇಶ

ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿ ನಾಣ್ಯಗಳ ನಿಧಿಯೊಂದು ಸಿಕ್ಕಿತು. ಅವೆಲ್ಲವೂ ರೋಮನ್ ಚಕ್ರವರ್ತಿಗಳವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನಗಳಲ್ಲಿಯೂ ಶಾತವಾಹನರ ಕಾಲದ ಸೀಸದ ನಾಣ್ಯಗಳ ನೆರೆಯಲ್ಲೇ ಅಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳು ಹೊರಬಂದಿವೆ. ಡೆನಾರಿಯಸ್ ಎಂಬ ಅವುಗಳ ಲ್ಯಾಟಿನ್ ಹೆಸರು ಸಂಸ್ಕೃತಕ್ಕೆ ಬಂದು 'ದೀನಾರ'ವಾಯಿತು. ಹೀಗೆ ನಮ್ಮ ನೆಲದಲ್ಲೇ ಸಿಕ್ಕ, ನಮ್ಮ ಶಬ್ದಕೋಶದಲ್ಲೂ ಸೇರಿರುವ ಈ ನಾಣ್ಯಗಳನ್ನು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಕಂಡಾಗ ನಮ್ಮಲ್ಲಿ ಹೆಚ್ಚಿನವರು 'ಯಾವುದೋ ರಾಜನ ತಲೆ, ಹಿಂದೆ ಯಾವುದೋ ದೇವತೆ' ಎಂದು ಮುಂದೆ ಹೋಗುತ್ತಾರೆ. ಹಾಗೆ ಮುಂದೆ ಹೋಗದೆ, ನಾಣ್ಯವೊಂದನ್ನು ಕೈಗೆತ್ತಿಕೊಂಡವರು ಅದನ್ನು ಯಾವ ಅನುಕ್ರಮದಲ್ಲಿ ಪರೀಕ್ಷಿಸಿ, ಯಾರದು, ಯಾವ ವರ್ಷದ್ದು, ಏನನ್ನು ಹೇಳಲು ಟಂಕಿಸಿದ್ದು ಎಂಬುದನ್ನು ಕಂಡುಕೊಳ್ಳಬಹುದೆಂದು ವಿವರಿಸುವುದು ಈ ಲೇಖನದ ಉದ್ದೇಶ.

ಡೆನಾರಿಯಸ್ ಹುಟ್ಟಿದ್ದು ಕ್ರಿ.ಪೂ. 211ರ ಸುಮಾರಿಗೆ, ರೋಮ್ ಹ್ಯಾನಿಬಲ್‌ನೊಡನೆ ಹೋರಾಡುತ್ತಿದ್ದ ಕಾಲದಲ್ಲಿ. ಕ್ರಿ.ಶ. ಮೂರನೆಯ ಶತಮಾನದ ನಡುವಿನವರೆಗೆ ಅದು ರೋಮಿನ ಮುಖ್ಯ ಬೆಳ್ಳಿ ನಾಣ್ಯವಾಗಿತ್ತು. 25 ಡೆನಾರಿಯಸ್‌ಗಳಿಗೆ ಔರಿಯಸ್ ಎಂಬ ಒಂದು ಚಿನ್ನದ ನಾಣ್ಯ, ಒಂದು ಡೆನಾರಿಯಸ್‌ಗೆ ನಾಲ್ಕು ಸೆಸ್ಟರ್ಶಿಯಸ್ ಎಂಬುದು ಲೆಕ್ಕ. ಮೊದಲ ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಅದರ ಮೇಲೆ ದೇವತೆಗಳು, ಪೂರ್ವಜರು, ಯುದ್ಧದ ನೆನಪುಗಳು ಇದ್ದವೇ ಹೊರತು ಬದುಕಿರುವ ರೋಮನ್ನನ ಮುಖವಿರಲಿಲ್ಲ. ರೋಮ್ ನಗರದ ಟಂಕಸಾಲೆಯಿಂದ ಅಂಥ ಮುಖವುಳ್ಳ ನಾಣ್ಯ ಹೊರಬಂದದ್ದು ಕ್ರಿ.ಪೂ. 44ರ ಆರಂಭದಲ್ಲಿ, ಆ ಮುಖ ಜೂಲಿಯಸ್ ಸೀಸರನದು, ಅದರ ಜೊತೆಗಿದ್ದ ಬಿರುದು 'ಆಜೀವ ಸರ್ವಾಧಿಕಾರಿ' ಎಂಬುದು. ಮಾರ್ಚ್ 15ರಂದು ಅವನ ಕೊಲೆಯಾಯಿತು. ಕೊಂದವರಲ್ಲೊಬ್ಬನಾದ ಬ್ರೂಟಸ್ ಮುಂದಿನ ಎರಡು ವರ್ಷಗಳೊಳಗೆ ಎರಡು ಕಠಾರಿಗಳ ನಡುವೆ ಬಿಡುಗಡೆಗೊಂಡ ಗುಲಾಮರು ತೊಡುವ ಟೊಪ್ಪಿಗೆಯನ್ನಿಟ್ಟು ನಾಣ್ಯ ಹೊರಡಿಸಿದನು. ಆದರೆ ಅದರ ಮುಂಬದಿಯಲ್ಲಿ ತನ್ನ ಮುಖವನ್ನೇ ಹಾಕಿಸಿಕೊಂಡನು! ಅಲ್ಲಿಂದ ಮುಂದೆ ಮುಖವಿಲ್ಲದೆ ಅಧಿಕಾರವಿಲ್ಲ ಎಂಬ ಸ್ಥಿತಿ ಬಂತು.

ಬೆಳಕು, ತೂಕ, ಅಂಚು

ಬರಹವನ್ನು ಓದುವ ಆತುರವನ್ನು ಮೊದಲು ಬದಿಗಿಡಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಅಕ್ಕಸಾಲಿಗರ ಮಸೂರ, ಗ್ರಾಮಿನ ನೂರನೆಯ ಒಂದು ಭಾಗದವರೆಗೆ ತೂಗುವ ಸಣ್ಣ ಡಿಜಿಟಲ್ ತಕ್ಕಡಿ, ಬಾಗಿಸಬಹುದಾದ ಮೇಜುದೀಪ, ಒಂದು ಮೆತ್ತನೆಯ ಬಟ್ಟೆ, ಇಷ್ಟಿದ್ದರೆ ಸಾಕು. ಬಟ್ಟೆಯನ್ನು ಮೇಜಿನ ಮೇಲೆ ಹಾಸಿಕೊಂಡೇ ನಾಣ್ಯವನ್ನು ಎತ್ತಿಕೊಳ್ಳಬೇಕು, ಏಕೆಂದರೆ ಎರಡು ಸಾವಿರ ವರ್ಷ ಮಣ್ಣಿನಲ್ಲಿದ್ದ ಬೆಳ್ಳಿ ಒಳಗೊಳಗೇ ಹರಳುಗಟ್ಟಿ ಬಿರುಸಾಗಿರುತ್ತದೆ, ಗಟ್ಟಿ ನೆಲಕ್ಕೆ ಬಿದ್ದರೆ ಬಿಸ್ಕತ್ತಿನಂತೆ ಮುರಿದುಹೋಗುವುದುಂಟು. ಹಿಡಿಯುವಾಗ ಅಂಚನ್ನು ಮಾತ್ರ ಹಿಡಿಯಿರಿ. ದೀಪವನ್ನು ನೆತ್ತಿಯ ಮೇಲಿನಿಂದಲ್ಲ, ಎಡಬದಿಯಿಂದ ಓರೆಯಾಗಿ ಬೀಳುವಂತೆ ಇಟ್ಟುಕೊಂಡು, ನಾಣ್ಯವನ್ನು ಮೆಲ್ಲನೆ ತಿರುಗಿಸುತ್ತಾ ಹೋದರೆ, ನೇರ ಬೆಳಕಿನಲ್ಲಿ ಸವೆದು ಹೋದಂತೆ ಕಂಡ ಅಕ್ಷರಗಳು ನೆರಳಿನ ಅಂಚಿನಲ್ಲಿ ಒಂದೊಂದಾಗಿ ಎದ್ದು ನಿಲ್ಲುತ್ತವೆ. ಶಿಲಾಶಾಸನವನ್ನು ಇಳಿಬಿಸಿಲಿನಲ್ಲಿ ಓದುವವರಿಗೆ ಈ ಯುಕ್ತಿ ಹೊಸದಲ್ಲ.

ತೊಳೆಯುವ ಮಾತೇ ಬೇಡ. ನಮ್ಮ ಮನೆಗಳಲ್ಲಿ ಹಬ್ಬದ ಹಿಂದಿನ ದಿನ ಬೆಳ್ಳಿ ದೀಪವನ್ನು ವಿಭೂತಿ ಹಾಕಿ ಉಜ್ಜುವ ವಾಡಿಕೆಯಿದೆ, ಹಿತ್ತಾಳೆಗೆ ಹುಣಸೆಹಣ್ಣು. ಈ ಎರಡರಲ್ಲಿ ಯಾವುದನ್ನೂ ಹಳೆಯ ನಾಣ್ಯದ ಹತ್ತಿರ ತರಬಾರದು. ಮೇಲಿನ ಕಪ್ಪು ಪೊರೆಯು ಕೊಳೆಯಲ್ಲ, ಬೆಳ್ಳಿಯು ಕಾಲಕ್ರಮದಲ್ಲಿ ತಾನೇ ಹೊದ್ದುಕೊಂಡ ಹೊದಿಕೆ. ಅದನ್ನು ಉಜ್ಜಿ ತೆಗೆದರೆ ಅದರೊಡನೆ ಕೂದಲಿನ ಎಳೆಗಳೂ ಅಕ್ಷರದ ಅಂಚುಗಳೂ ಹೋಗುತ್ತವೆ.

ಆಮೇಲೆ ತೂಗಿರಿ. ತೂಕವೇ ಕಾಲದ ಮೊದಲ ಸುಳಿವು. ಒಂದು ರೋಮನ್ ಪೌಂಡು ಬೆಳ್ಳಿಗೆ 84 ನಾಣ್ಯಗಳನ್ನು ಹೊಡೆಯುವುದು ಅಗಸ್ಟಸ್‌ನ ಕಾಲದ ಕ್ರಮವಾಗಿತ್ತು. ಹಾಗಾಗಿ ಒಂದರ ತೂಕ 3.9 ಗ್ರಾಮಿನ ಸುಮಾರಿಗಿರಬೇಕು, ಸವೆತ ಕಳೆದು ಇಂದು ಕೈಗೆ ಸಿಗುವುದು 3.6ರಿಂದ 3.8. ನೀರೋ ಕ್ರಿ.ಶ. 64ರಲ್ಲಿ ಅದೇ ಪೌಂಡಿಗೆ 96 ನಾಣ್ಯಗಳನ್ನು ಹೊಡೆಸಿದನು, ಬೆಳ್ಳಿಗೆ ತಾಮ್ರವನ್ನೂ ಹೆಚ್ಚಾಗಿ ಬೆರೆಸಿದನು. ಅಲ್ಲಿಂದ ತೂಕ 3.4 ಗ್ರಾಮಿಗೆ ಇಳಿಯಿತು. ಸೆಪ್ಟಿಮಿಯಸ್ ಸೆವೆರಸ್‌ನ ಹೊತ್ತಿಗೆ, ಅಂದರೆ ಕ್ರಿ.ಶ. 195ರ ಸುಮಾರಿಗೆ, ಬೆಳ್ಳಿಯ ಪಾಲು ಹೆಚ್ಚುಕಡಿಮೆ ಅರ್ಧಕ್ಕೆ ಬಂದಿತ್ತು. ಅವನ ಮಗ ಕ್ಯಾರಕಲ್ಲಾ 215ರಲ್ಲಿ ಎರಡು ಡೆನಾರಿಯಸ್ ಬೆಲೆಯದೆಂದು ಹೇಳಿ ಹೊಸ ನಾಣ್ಯವೊಂದನ್ನು ತಂದನು. ಅದರ ತೂಕ ಮಾತ್ರ ಐದು ಗ್ರಾಮಿನ ಸುಮಾರು, ಅಂದರೆ ಒಂದೂವರೆ ಡೆನಾರಿಯಸ್‌ನಷ್ಟು. ಮುಂದಿನ ಅರವತ್ತು ವರ್ಷಗಳಲ್ಲಿ ಅದು ಬೆಳ್ಳಿಯ ತೆಳ್ಳನೆಯ ಲೇಪವುಳ್ಳ ತಾಮ್ರವಾಗಿ ಕೊನೆಗೊಂಡಿತು. ಚಕ್ರವರ್ತಿಗಳು ನಾಣ್ಯದ ಮೇಲೆ ಏನೇ ಬರೆಸಲಿ, ತಕ್ಕಡಿಯ ಮುಂದೆ ಅವರ ಮಾತು ನಡೆಯುವುದಿಲ್ಲ.

ನಮ್ಮ ದೇಶದ ವರ್ತಕರಿಗೆ ಇದು ಚೆನ್ನಾಗಿ ಗೊತ್ತಿತ್ತೆಂದು ತೋರುತ್ತದೆ. ದಕ್ಷಿಣ ಭಾರತದ ನಿಧಿಗಳಲ್ಲಿ ನೀರೋನ ಬದಲಾವಣೆಗೆ ಮುಂಚಿನ ಒಳ್ಳೆಯ ಬೆಳ್ಳಿಯೇ, ಅದರಲ್ಲೂ ಅಗಸ್ಟಸ್ ಮತ್ತು ಟೈಬೀರಿಯಸ್‌ರ ಒಂದೊಂದು ಮಾದರಿಯೇ ರಾಶಿಯಾಗಿ ಸಿಗುತ್ತದೆ. ಆಮೇಲಿನ ಡೆನಾರಿಯಸ್‌ಗಳು ವಿರಳ. ಚಿನಿವಾರನಿಗೆ ಬೇಕಾದದ್ದು ಲೋಹದ ಗುಣ, ಮುಖದ ಮೇಲಿನ ಗರ್ವವಲ್ಲ.

ಈಗ ಅಂಚು. ರೋಮಿನ ಕಮ್ಮಟದಲ್ಲಿ ಕಾಸಿದ ಬೆಳ್ಳಿ ಬಿಲ್ಲೆಯನ್ನು ಅಡಿಗಲ್ಲಿನಲ್ಲಿ ಕೂರಿಸಿದ ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲಿನ ಅಚ್ಚನ್ನು ಅದರ ಮೇಲೆ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಕೆಳಗಿನ ಅಚ್ಚು ಮುಂಬದಿಯದು, ಮೇಲಿನದು ಹಿಂಬದಿಯದು. ಹೊಡೆತಕ್ಕೆ ಬೆಳ್ಳಿ ಹೊರಕ್ಕೆ ಹರಿಯುವುದರಿಂದ ಅಂಚಿನಲ್ಲಿ ಸಣ್ಣ ಬಿರುಕುಗಳಿರುತ್ತವೆ, ಅಕ್ಷರಗಳ ಬುಡದಿಂದ ಹೊರಗೆ ಸೂಕ್ಷ್ಮ ಗೆರೆಗಳು ಕಾಣುತ್ತವೆ, ಚಿತ್ರ ನಡುವಿನಿಂದ ಸರಿದಿರುವುದೂ ಸಾಮಾನ್ಯ. ಇವು ದೋಷಗಳಲ್ಲ, ಸಾಕ್ಷ್ಯಗಳು. ಎರಕ ಹೊಯ್ದು ಮಾಡಿದ ನಕಲಿಯಲ್ಲಿ ಇವು ಇರುವುದಿಲ್ಲ. ಬದಲಾಗಿ ಮೈಮೇಲೆ ಗಾಳಿಗುಳ್ಳೆಗಳ ಗುಳಿಗಳು, ಸಾಬೂನಿನಂತೆ ನುಣುಪಾದ ಅಕ್ಷರಗಳು, ಅಂಚಿನ ಸುತ್ತ ಎರಡು ಅಚ್ಚುಗಳು ಕೂಡಿದ ಗೆರೆ ಕಾಣುತ್ತವೆ.

ಈ ಪಾಠವನ್ನು ನಾನು ದುಡ್ಡು ಕೊಟ್ಟು ಕಲಿತೆ. ನಾಣ್ಯ ಪ್ರದರ್ಶನವೊಂದರಲ್ಲಿ ಟೈಬೀರಿಯಸ್‌ನ ಡೆನಾರಿಯಸ್ ಎಂದು ಕೊಂಡದ್ದನ್ನು ಮನೆಗೆ ತಂದು, ನಮ್ಮ ಬೀದಿಯ ಅಕ್ಕಸಾಲಿಗರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ರೋಮ್ ಎಲ್ಲಿದೆ ಎಂದೂ ಕೇಳಲಿಲ್ಲ, ಮುಖವನ್ನೂ ನೋಡಲಿಲ್ಲ. ಉಗುರನ್ನು ಅಂಚಿನ ಮೇಲೆ ಒಂದು ಸುತ್ತು ಆಡಿಸಿ, 'ಸ್ವಾಮಿ, ಇದು ಹೊಯ್ದದ್ದು, ಹೊಡೆದದ್ದಲ್ಲ' ಎಂದರು. ತೂಗಿದಾಗ 2.9 ಗ್ರಾಮ್ ಬಂತು. ಕೊಳ್ಳುವ ಮೊದಲೇ ತೂಗಿದ್ದರೆ ಅವರಿಗೆ ಆ ತೊಂದರೆ ಕೊಡಬೇಕಾಗಿರಲಿಲ್ಲ.

ಇನ್ನೊಂದು ಬಗೆಯ ನಕಲಿಯಿದೆ, ಅದು ಪ್ರಾಚೀನ ಕಾಲದ್ದೇ. ತಾಮ್ರದ ಬಿಲ್ಲೆಗೆ ಬೆಳ್ಳಿಯ ಹಾಳೆ ಸುತ್ತಿ ಹೊಡೆದ ಕಳ್ಳನಾಣ್ಯಗಳವು. ಸವೆದ ಜಾಗದಲ್ಲಿ, ಮುಖ್ಯವಾಗಿ ಮೂಗಿನ ತುದಿಯಲ್ಲೋ ಅಂಚಿನಲ್ಲೋ, ಒಳಗಿನ ತಾಮ್ರ ಹಸಿರು ಕಿಲುಬಾಗಿ ಇಣುಕುತ್ತದೆ. ಇವುಗಳನ್ನು ಪತ್ತೆಹಚ್ಚಲು ರೋಮಿನ ಲೇವಾದೇವಿಗಾರರು ಸಣ್ಣ ಮುದ್ರೆಗಳನ್ನು ಒತ್ತಿ ಪರೀಕ್ಷಿಸುತ್ತಿದ್ದರು. ಆ ಗುರುತುಗಳನ್ನು ಕಂಡು ನಾಣ್ಯ ಹಾಳಾಗಿದೆ ಎಂದು ತಿಳಿಯಬಾರದು.

ಮುಂಬದಿಯ ಮುಖ

ತೂಕ ಮತ್ತು ಅಂಚು ತೃಪ್ತಿ ತಂದ ಮೇಲೆ ಮುಖಕ್ಕೆ ಬನ್ನಿ. ಮೊದಲು ತಲೆಯ ಮೇಲೇನಿದೆ ನೋಡಿ. ಲಾರೆಲ್ ಎಲೆಗಳ ಮಾಲೆ, ಅದರ ಪಟ್ಟಿಯ ಗಂಟು ಕತ್ತಿನ ಹಿಂದೆ ಇಳಿಬಿದ್ದಿದ್ದರೆ ಅದು ಅಧಿಕಾರದಲ್ಲಿರುವ ಚಕ್ರವರ್ತಿಯ ಸಾಮಾನ್ಯ ಡೆನಾರಿಯಸ್. ಸೂರ್ಯನ ಕಿರಣಗಳಂತೆ ಮೊನಚಾದ ಕಿರೀಟವಿದ್ದರೆ ಮೇಲೆ ಹೇಳಿದ ಎರಡರ ಬೆಲೆಯ ನಾಣ್ಯ. ರಾಣಿಯಾದರೆ ಅದೇ ಬೆಲೆಯನ್ನು ಸೂಚಿಸಲು ಭುಜದ ಕೆಳಗೆ ಅರ್ಧಚಂದ್ರವನ್ನು ಇಡುತ್ತಿದ್ದರು. ತಲೆ ಬರಿದಾಗಿದ್ದರೆ ಆತ ಹಲವು ಸಲ ಇನ್ನೂ ಯುವರಾಜ; ಆಂಟೊನಿನಸ್ ಪಯಸ್‌ನ ಕಾಲದಲ್ಲಿ ಮಾರ್ಕಸ್ ಅರೇಲಿಯಸ್ ಹೀಗೆಯೇ ಬರಿತಲೆಯಲ್ಲಿ ಕಾಣಿಸಿಕೊಂಡಿದ್ದಾನೆ.

ಗಡ್ಡವೂ ಒಂದು ಕಾಲಗಣನೆ. ಕ್ರಿ.ಶ. 117ರಲ್ಲಿ ಪಟ್ಟಕ್ಕೆ ಬಂದ ಹೇಡ್ರಿಯನ್‌ಗೆ ಮೊದಲು ಚಕ್ರವರ್ತಿಗಳು ಸಾಮಾನ್ಯವಾಗಿ ಬೋಳಿಸಿದ ಮುಖದವರು, ಅವನ ನಂತರ ಗಡ್ಡದವರು. ರಾಣಿಯರಲ್ಲಿ ಕೇಶವಿನ್ಯಾಸವೇ ಗುರುತು: ಹಿರಿಯ ಫಾಸ್ಟಿನಾಳದು ನೆತ್ತಿಯ ಮೇಲೆ ಸುತ್ತಿ ಕಟ್ಟಿದ ತುರುಬು, ಸೆವೆರಸ್‌ನ ಹೆಂಡತಿ ಜೂಲಿಯಾ ಡೊಮ್ನಾಳದು ಶಿರಸ್ತ್ರಾಣದಂತೆ ಕಿವಿಯನ್ನು ಮುಚ್ಚುವ ಅಲೆಯಲೆಯಾದ ದಟ್ಟ ಕೂದಲು.

ಆದರೆ ಮುಖವನ್ನು ಛಾಯಾಚಿತ್ರವೆಂದು ನಂಬಬಾರದು. ಅಗಸ್ಟಸ್ ಸತ್ತಾಗ ಅವನಿಗೆ 75 ವರ್ಷ ದಾಟಿತ್ತು. ನಾಣ್ಯಗಳ ಮೇಲೆ ಮಾತ್ರ ಅವನು ಕೊನೆಯವರೆಗೂ ಮೂವತ್ತರ ಯುವಕನಾಗಿಯೇ ಉಳಿದನು. ವೆಸ್ಪೇಸಿಯನ್ ಇದಕ್ಕೆ ತದ್ವಿರುದ್ಧ: ದಪ್ಪ ಕತ್ತು, ಹಣೆಯ ಸುಕ್ಕು, ಬೋಳಾಗುತ್ತಿರುವ ತಲೆ ಎಲ್ಲವನ್ನೂ ತೋರಿಸಿಕೊಂಡಿದ್ದಾನೆ. ಅದೂ ಒಂದು ಜಾಣತನವೇ. ವಿಲಾಸಿಯಾದ ನೀರೋನ ಉಬ್ಬಿದ ಕೆನ್ನೆಗಳನ್ನು ಕಂಡು ಬೇಸತ್ತ ಜನಕ್ಕೆ 'ನಾನು ದುಡಿದು ಬಂದ ಹಳೆಯ ಸೈನಿಕ' ಎಂದು ಆ ಸುಕ್ಕುಗಳು ಹೇಳುತ್ತಿದ್ದವು.

ಸುತ್ತುಬರಹ

ನಾಣ್ಯದ ಅಂಚಿನುದ್ದಕ್ಕೂ ಇರುವ ಬರಹವನ್ನು ಸಾಮಾನ್ಯವಾಗಿ ಎಡಗಡೆಯ ಕೆಳಭಾಗದಿಂದ ಶುರುಮಾಡಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತಾ ಓದಬೇಕು. ಪದಗಳ ನಡುವೆ ಜಾಗ ಬಿಡುವ ಪದ್ಧತಿಯಿಲ್ಲ, ಎಲ್ಲವೂ ದೊಡ್ಡಕ್ಷರ, ಹೆಚ್ಚಿನವು ಸಂಕ್ಷೇಪ. 'ಯು' ಅಕ್ಷರಕ್ಕೆ ಬೇರೆ ರೂಪವಿಲ್ಲದೆ 'ವಿ'ಯನ್ನೇ ಬಳಸುವುದರಿಂದ ಅಗಸ್ಟಸ್ ಎಂಬುದರ ಸಂಕ್ಷೇಪ ಎ-ವಿ-ಜಿ ಎಂದು ಕಾಣುತ್ತದೆ. ನಾಲ್ಕನ್ನು ಅವರು ಬಹುಮಟ್ಟಿಗೆ ನಾಲ್ಕು ಗೀಟುಗಳಿಂದಲೇ ಬರೆಯುತ್ತಿದ್ದರು.

ಹತ್ತು ಸಂಕ್ಷೇಪಗಳು ಬಾಯಿಪಾಠವಾದರೆ ಮುಕ್ಕಾಲು ಪಾಲು ನಾಣ್ಯಗಳು ಬಾಯಿಬಿಡುತ್ತವೆ. ಐ-ಎಂ-ಪಿ ಎಂದರೆ ಇಂಪರಾಟರ್, ವಿಜಯೀ ದಂಡನಾಯಕ. ಸಿ-ಎ-ಇ-ಎಸ್ ಎಂದರೆ ಸೀಸರ್. ಮೊದಲು ಮನೆತನದ ಹೆಸರಾಗಿದ್ದು ಆಮೇಲೆ ಬಿರುದಾಯಿತು. ಪಿ-ಎಂ ಎಂದರೆ ಪ್ರಧಾನ ಅರ್ಚಕ. ಸಿ-ಒ-ಎಸ್ ಎಂದರೆ ರೋಮಿನ ಉನ್ನತ ಹುದ್ದೆಯಾದ ಕಾನ್ಸಲ್ ಪದವಿ, ಅದರ ಮುಂದಿನ ಅಂಕಿ ಎಷ್ಟನೆಯ ಸಲ ಎಂಬುದನ್ನು ಹೇಳುತ್ತದೆ. ಎರಡು ಪಿಗಳು ಒಟ್ಟಿಗೆ ಬಂದರೆ 'ರಾಷ್ಟ್ರಪಿತ'. ಒಂಟಿಯಾದ ಎಫ್ ಎಂದರೆ ಮಗ. ಡಿವಸ್ ಅಥವಾ ಡಿವಾ ಎಂದಿದ್ದರೆ ಸತ್ತ ಮೇಲೆ ದೈವವೆಂದು ಘೋಷಿಸಲ್ಪಟ್ಟವರು. ಅಂಥ ನಾಣ್ಯಗಳಲ್ಲಿ ಬದುಕಿದ್ದಾಗಿನ ಪದವಿಗಳ ಪಟ್ಟಿ ಸಾಮಾನ್ಯವಾಗಿ ಇರುವುದಿಲ್ಲ, ದೇವರಾದವರಿಗೆ ಕಾನ್ಸಲ್ ಹುದ್ದೆಯಿಂದ ಆಗಬೇಕಾದದ್ದೇನು? ಜರ್ಮ್ (ಜರ್ಮೇನಿಯಾ), ಡಾಕ್ (ಡೇಸಿಯಾ), ಪಾರ್ಥ್ (ಪಾರ್ಥಿಯಾ) ಎಂಬಂಥವು ಗೆದ್ದ ನಾಡುಗಳ ಬಿರುದುಗಳು. ನಮ್ಮ ಅರಸರ 'ಗಂಗೈಕೊಂಡ', 'ತಲಕಾಡುಗೊಂಡ'ಗಳ ಜಾತಿಯವು. ಟ್ರಾಜನ್ 'ಡಾಕ್' ಎಂಬುದನ್ನು ಸೇರಿಸಿಕೊಂಡದ್ದು ಕ್ರಿ.ಶ. 102ರ ಕೊನೆಗೆ, 'ಪಾರ್ಥ್' ಬಂದದ್ದು 116ರಲ್ಲಿ. ಹಾಗಾಗಿ ಮೊದಲನೆಯದಿದ್ದು ಎರಡನೆಯದು ಇಲ್ಲದ ಟ್ರಾಜನ್ ನಾಣ್ಯ ಈ ಎರಡು ವರ್ಷಗಳ ನಡುವಿನದು.

ಎಲ್ಲಕ್ಕಿಂತ ಉಪಯುಕ್ತವಾದದ್ದು ಟಿಆರ್‌ಪಿ. ನಮ್ಮ ಟಿ.ವಿ. ವಾಹಿನಿಗಳ ಟಿಆರ್‌ಪಿಗೂ ಇದಕ್ಕೂ ನಂಟಿಲ್ಲ, ಜನಪ್ರಿಯತೆಯ ಹಂಬಲವೊಂದನ್ನು ಬಿಟ್ಟರೆ. ಇದು 'ಟ್ರಿಬ್ಯೂನನ ಅಧಿಕಾರ', ಜನಸಾಮಾನ್ಯರ ಪ್ರತಿನಿಧಿಗೆ ಇದ್ದ ಹಕ್ಕು. ಚಕ್ರವರ್ತಿಗಳು ಇದನ್ನು ಪ್ರತಿವರ್ಷ ನವೀಕರಿಸಿಕೊಂಡು ಅಂಕಿಯನ್ನು ಏರಿಸುತ್ತಾ ಹೋಗುತ್ತಿದ್ದರು. ಹೀಗಾಗಿ ಮೊದಲ ವರ್ಷ ಯಾವುದೆಂದು ಗೊತ್ತಿದ್ದರೆ ಉಳಿದದ್ದು ಕೂಡುವ ಲೆಕ್ಕ. ಸೆಪ್ಟಿಮಿಯಸ್ ಸೆವೆರಸ್‌ನ ಮೊದಲ ಟಿಆರ್‌ಪಿ 193ರದು. ಅವನ ನಾಣ್ಯದಲ್ಲಿ ಟಿಆರ್‌ಪಿ 16 ಎಂದಿದ್ದರೆ ಅದು 208ರ ನಾಣ್ಯ. ನಮ್ಮ ಶಾಸನಗಳು ಶಕವರ್ಷವನ್ನು ಹೇಳುವಷ್ಟು ನೇರವಾಗಿಯಲ್ಲದಿದ್ದರೂ, ಅರಸನ ಆಳ್ವಿಕೆಯ ಇಷ್ಟನೆಯ ವರ್ಷ ಎಂದು ಹೇಳುವಷ್ಟು ನಿಖರವಾಗಿ ಈ ಪುಟ್ಟ ಬಿಲ್ಲೆ ತನ್ನ ವಯಸ್ಸನ್ನು ಹೇಳುತ್ತದೆ.

ಇಲ್ಲೊಂದು ಬಲೆಯಿದೆ, ಹೊಸಬರು ತಪ್ಪದೆ ಬೀಳುವಂಥದ್ದು. 'ಆಂಟೊನಿನಸ್ ಪಯಸ್' ಎಂಬ ಹೆಸರನ್ನು ಕಂಡ ಕೂಡಲೇ 138ರಿಂದ 161ರವರೆಗೆ ಆಳಿದ ಸೌಮ್ಯ ಚಕ್ರವರ್ತಿಯೇ ಎಂದು ಬರೆದಿಟ್ಟುಕೊಳ್ಳುತ್ತೇವೆ. ಆದರೆ ಕ್ಯಾರಕಲ್ಲಾ ಎಂಬುದು ಅಡ್ಡಹೆಸರು. ಅವನೂ ನಾಣ್ಯದ ಮೇಲೆ ಆಂಟೊನಿನಸ್ ಪಯಸ್ಸೇ. 218ರಲ್ಲಿ ಪಟ್ಟಕ್ಕೆ ಬಂದ ಎಲಗಾಬಲಸ್ ಎಂಬ ಹದಿಹರೆಯದವನೂ ಆಂಟೊನಿನಸ್ ಪಯಸ್ಸೇ! ಬಿಡಿಸುವ ದಾರಿ ಹೀಗಿದೆ: ಮೂಲ ಆಂಟೊನಿನಸ್‌ನಲ್ಲಿ ಬಹುತೇಕ 'ಎ-ವಿ-ಜಿ' ಮೊದಲು, 'ಪಯಸ್' ಆಮೇಲೆ, ಕ್ಯಾರಕಲ್ಲಾನಲ್ಲಿ 'ಪಯಸ್' ಮೊದಲು, 'ಎ-ವಿ-ಜಿ' ಆಮೇಲೆ, ಎಲಗಾಬಲಸ್‌ನಲ್ಲಿ ಕ್ಯಾರಕಲ್ಲಾನ ಕ್ರಮವೇ, ಆದರೆ ಮುಂದುಗಡೆ ಹೆಚ್ಚಾಗಿ 'ಐ-ಎಂ-ಪಿ' ಇರುತ್ತದೆ. ಎಲಗಾಬಲಸ್‌ನ ಕೆಲವು ನಾಣ್ಯಗಳಲ್ಲಿ ಹಣೆಯ ಮೇಲೆ ಕೊಂಬಿನಂಥದ್ದೊಂದು ಚಾಚಿರುತ್ತದೆ, ಹಿಂಬದಿಯಲ್ಲಿ ನಕ್ಷತ್ರವಿರುತ್ತದೆ. ಜೊತೆಗೆ ಲೋಹ: ಮೊದಲನೆಯವನ ಬೆಳ್ಳಿ ಬೆಳ್ಳಗಿರುತ್ತದೆ, ಉಳಿದಿಬ್ಬರದು ಮಂಕು.

ಹಿಂಬದಿ: ಕೈಯಲ್ಲೇನಿದೆ?

ಬೇಲೂರಿನ ಗೋಡೆಯ ಮೇಲಿನ ವಿಷ್ಣುವಿನ ಮೂರ್ತಿಗಳನ್ನು ಮುಖ ನೋಡಿ ಗುರುತಿಸಲು ಹೋದರೆ ಎಲ್ಲವೂ ಒಂದೇ. ಶಂಖ, ಚಕ್ರ, ಗದೆ, ಪದ್ಮಗಳು ಯಾವ ಕೈಯಲ್ಲಿವೆ ಎಂಬುದರ ಮೇಲೆ ಅದು ಕೇಶವನೋ ನಾರಾಯಣನೋ ಮಾಧವನೋ ಎಂಬುದು ತೀರ್ಮಾನವಾಗುತ್ತದೆ. ರೋಮನ್ ನಾಣ್ಯದ ಹಿಂಬದಿಯನ್ನು ಓದಲು ಕನ್ನಡಿಗರಿಗೆ ಇದಕ್ಕಿಂತ ಒಳ್ಳೆಯ ತಾಲೀಮು ಇಲ್ಲ. ಅಲ್ಲಿ ನಿಂತಿರುವ ಹೆಣ್ಣುರೂಪಗಳ ಮುಖ ಸಾಸಿವೆ ಕಾಳಿನಷ್ಟು ಕೂಡ ಇರುವುದಿಲ್ಲ, ನೋಡಬೇಕಾದದ್ದು ಕೈಗಳನ್ನು.

ಆಲಿವ್ ಕೊಂಬೆ ಹಿಡಿದವಳು ಪ್ಯಾಕ್ಸ್, ಶಾಂತಿ. ತಕ್ಕಡಿ ಹಿಡಿದವಳು ಈಕ್ವಿಟಾಸ್ ಅಥವಾ ಮೊನೆಟಾ. ನ್ಯಾಯದ ವ್ಯವಹಾರ ಮತ್ತು ಟಂಕಸಾಲೆಯ ದೇವತೆಗಳಾದ ಇವರಿಬ್ಬರನ್ನು ಬಿಡಿಸಲು ಬರಹವನ್ನೇ ನೋಡಬೇಕು. ಹಡಗಿನ ಚುಕ್ಕಾಣಿ ಇದ್ದರೆ ಫಾರ್ಚುನಾ, ಅದೃಷ್ಟ. ರೆಕ್ಕೆಯಿದ್ದು ಮಾಲೆ ಮತ್ತು ತಾಳೆಗರಿ ಹಿಡಿದಿದ್ದರೆ ವಿಜಯ. ತಟ್ಟೆಯಿಂದ ಹಾವಿಗೆ ಉಣಿಸುತ್ತಿರುವವಳು ಸಾಲಸ್, ಆರೋಗ್ಯ ಮತ್ತು ಕ್ಷೇಮ. ಒಂದು ಕೈಯಲ್ಲಿ ಹೂವು, ಇನ್ನೊಂದು ಕೈಯಲ್ಲಿ ಉಡುಗೆಯ ಅಂಚನ್ನು ಎತ್ತಿಹಿಡಿದವಳು ಸ್ಪೆಸ್, ಭರವಸೆ. ಯುವರಾಜರ ನಾಣ್ಯಗಳಲ್ಲಿ ಇವಳು ಮತ್ತೆ ಮತ್ತೆ ಬರುವುದಕ್ಕೆ ಕಾರಣ ಹೇಳಬೇಕಿಲ್ಲ. ತೆನೆಗಳು ಮತ್ತು ಧಾನ್ಯ ಅಳೆಯುವ ಕೊಳಗ ಇದ್ದರೆ ಅನೋನಾ. ರೋಮ್ ನಗರಕ್ಕೆ ಕಾಳು ಬರುತ್ತಿದೆ, ಚಿಂತೆ ಬೇಡ ಎಂಬ ಆಶ್ವಾಸನೆ. ಹಲವರ ಎಡಗೈಯಲ್ಲಿ ಹಣ್ಣುಹಂಪಲು ತುಂಬಿದ ಕೊಂಬು ಇರುತ್ತದೆ. ಅದು ಸಮೃದ್ಧಿಯ ಸಾಮಾನ್ಯ ಚಿಹ್ನೆಯಾದ್ದರಿಂದ ಅದೊಂದರಿಂದಲೇ ಯಾರೆಂದು ಹೇಳಲಾಗದು.

ಈ ಹೆಸರುಗಳ ಪಕ್ಕದಲ್ಲಿ ಎ-ವಿ-ಜಿ ಇರುವುದನ್ನು ಮರೆಯಬಾರದು. 'ಶಾಂತಿ' ಎಂದಲ್ಲ, 'ಚಕ್ರವರ್ತಿಯ ಶಾಂತಿ' ಎಂದು ಅಲ್ಲಿ ಬರೆದಿದೆ. ಆ ಗುಣ ಅವನ ಸೊತ್ತು, ಪ್ರಜೆಗಳಿಗೆ ಬಂದದ್ದು ಅವನ ಕೃಪೆಯಿಂದ. ಕೊನೆಯಲ್ಲಿ ಎರಡು ಜಿಗಳಿದ್ದರೆ ಆಗ ಇಬ್ಬರು ಚಕ್ರವರ್ತಿಗಳಿದ್ದರು ಎಂದರ್ಥ, ಮೂರಿದ್ದರೆ ಮೂವರು. ನನ್ನ ಅನುಭವದಲ್ಲಿ, ನಾಣ್ಯವು ಯಾವುದನ್ನು ಒತ್ತಿ ಹೇಳುತ್ತದೆಯೋ ಅದರ ಕೊರತೆ ಆಗ ಇತ್ತೇ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಕ್ಯಾರಕಲ್ಲಾ ಮತ್ತು ಅವನ ತಮ್ಮ ಗೇಟಾ ಇವರ ಸೌಹಾರ್ದವನ್ನು ಕೊಂಡಾಡುವ ಡೆನಾರಿಯಸ್‌ಗಳು ಹೊರಬಂದವು; 211ರ ಕೊನೆಗೆ ಅಣ್ಣ ತಮ್ಮನನ್ನು ಕೊಲ್ಲಿಸಿದನು. 68–69ರ ಅಂತರ್ಯುದ್ಧದಲ್ಲಿ 'ಸೈನ್ಯಗಳ ನಿಷ್ಠೆ' ಎಂಬ ಬರಹದ ಬೆಳ್ಳಿ ನಾಣ್ಯಗಳು ಬಂದದ್ದು ಸೈನ್ಯಗಳು ದಿನಕ್ಕೊಬ್ಬರ ಕಡೆ ವಾಲುತ್ತಿದ್ದಾಗ.

ದೇವತೆಗಳಲ್ಲದೆ ಸುದ್ದಿಗಳೂ ಹಿಂಬದಿಯಲ್ಲಿ ಬರುತ್ತವೆ. ಕ್ಲಿಯೋಪಾತ್ರಳ ಈಜಿಪ್ಟನ್ನು ವಶಪಡಿಸಿಕೊಂಡ ಮೇಲೆ ಕ್ರಿ.ಪೂ. 28ರ ಬೆಳ್ಳಿಯ ಮೇಲೆ ಒಂದು ಮೊಸಳೆ, 'ಈಜಿಪ್ಟ್ ವಶವಾಯಿತು' ಎಂಬ ಎರಡು ಪದ, ಅಷ್ಟೇ. ಪಾರ್ಥಿಯನ್ನರು ಕಸಿದಿದ್ದ ಸೇನಾಧ್ವಜಗಳನ್ನು ಕ್ರಿ.ಪೂ. 20ರಲ್ಲಿ ಮಾತುಕತೆಯಿಂದ ಹಿಂದಕ್ಕೆ ಪಡೆದದ್ದನ್ನು ಅಗಸ್ಟಸ್ ಯುದ್ಧ ಗೆದ್ದಷ್ಟು ಸಂಭ್ರಮದಿಂದ ನಾಣ್ಯಕ್ಕೆ ಹಾಕಿಸಿದನು. ಟ್ರಾಜನ್‌ನ ನಾಣ್ಯಗಳಲ್ಲಿ ಆಯುಧಗಳ ರಾಶಿಯ ಬಳಿ ಕುಸಿದು ಕೂತ ಡೇಸಿಯನ್ ಸೆರೆಯಾಳು ಕಾಣುತ್ತಾನೆ. ಸತ್ತು ದೈವವಾದವರ ನಾಣ್ಯಗಳಲ್ಲಿ ಹದ್ದು ಅಥವಾ ಮಜಲು ಮಜಲಾಗಿ ಕಟ್ಟಿದ ಚಿತೆ, ರಾಣಿಯಾದರೆ ನವಿಲು.

ಎರಡು ನಾಣ್ಯಗಳನ್ನು ಪೂರ್ತಿ ಓದೋಣ

ನಮ್ಮ ನಿಧಿಗಳಲ್ಲಿ ಹೆಚ್ಚಾಗಿ ಸಿಗುವ ಎರಡು ಮಾದರಿಗಳನ್ನೇ ತೆಗೆದುಕೊಳ್ಳೋಣ. ಮೊದಲನೆಯದು ಅಗಸ್ಟಸ್‌ನದು, ಇಂದಿನ ಫ್ರಾನ್ಸಿನ ಲಿಯೋನ್‌ನಲ್ಲಿ ಕ್ರಿ.ಪೂ. 2ರಿಂದ ಟಂಕಿಸಿದ್ದು. ಮುಂಬದಿಯಲ್ಲಿ ಬಲಕ್ಕೆ ತಿರುಗಿದ, ಲಾರೆಲ್ ಮಾಲೆ ಧರಿಸಿದ ತಲೆ. ಸುತ್ತಲೂ 'ಸೀಸರ್ ಅಗಸ್ಟಸ್, ದೈವಪುತ್ರ, ರಾಷ್ಟ್ರಪಿತ' ಎಂಬ ಅರ್ಥದ ಬರಹ. ದೈವವೆಂದರೆ ಇಲ್ಲಿ ಜೂಲಿಯಸ್ ಸೀಸರ್. ಹಿಂಬದಿಯಲ್ಲಿ ಇಬ್ಬರು ಯುವಕರು ನಮ್ಮ ಕಡೆಗೆ ಮುಖಮಾಡಿ ನಿಂತಿದ್ದಾರೆ, ನಡುವೆ ಎರಡು ಗುರಾಣಿ, ಅವುಗಳ ಹಿಂದೆ ಎರಡು ಈಟಿ. ಮಸೂರ ಹಿಡಿದು ಈಟಿಗಳ ನಡುವಿನ ಮೇಲಿನ ಜಾಗವನ್ನು ನೋಡಿ: ಒಂದು ಪೂಜೆಯ ಸೌಟು, ಇನ್ನೊಂದು ಶಕುನ ನೋಡುವ ಪುರೋಹಿತರ ಸುರುಳಿ ತುದಿಯ ಕೋಲು. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂಬುದರ ಮೇಲೆ ಉಪಮಾದರಿಗಳನ್ನು ವಿಂಗಡಿಸುತ್ತಾರೆ. ಆ ಯುವಕರು ಗೇಯಸ್ ಮತ್ತು ಲೂಸಿಯಸ್. ಬರಹ ಅವರನ್ನು ಅಗಸ್ಟಸ್‌ನ ಮಕ್ಕಳು ಎನ್ನುತ್ತದೆ. ನಿಜದಲ್ಲಿ ಮಗಳ ಮಕ್ಕಳು, ಅಜ್ಜ ದತ್ತು ತೆಗೆದುಕೊಂಡವರು. 'ಮುಂದಿನ ಒಡೆಯರು ಇವರೇ' ಎಂದು ಸಾಮ್ರಾಜ್ಯಕ್ಕೆಲ್ಲ ಸಾರುವ ನಾಣ್ಯ ಇದು. ಲೂಸಿಯಸ್ ಕ್ರಿ.ಶ. 2ರಲ್ಲಿ, ಗೇಯಸ್ 4ರಲ್ಲಿ ತೀರಿಕೊಂಡರು. ಅವರ ನಾಣ್ಯ ಮಾತ್ರ ಹಡಗು ಹತ್ತಿ ಮಲಬಾರಿನ ತೀರಕ್ಕೂ ದಖ್ಖನಿನ ಒಳನಾಡಿಗೂ ಬಂದು, ಅವರ ಹೆಸರನ್ನೇ ಕೇಳದವರ ಗಡಿಗೆಗಳಲ್ಲಿ ಉಳಿಯಿತು.

ಎರಡನೆಯದು ಅಗಸ್ಟಸ್‌ನ ನಂತರ ಪಟ್ಟಕ್ಕೆ ಬಂದ ಟೈಬೀರಿಯಸ್‌ನದು. ಮುಂಬದಿಯ ಬರಹ ಟಿ-ಐ ಎಂದು ಶುರುವಾಗಿ 'ದೈವ ಅಗಸ್ಟಸ್‌ನ ಮಗ' ಎಂದು ಮುಂದುವರಿಯುತ್ತದೆ. ಅಪ್ಪ ದೈವಪುತ್ರನಾಗಿದ್ದವನು ಈಗ ತಾನೇ ದೈವವಾಗಿದ್ದಾನೆ. ಹಿಂಬದಿಯಲ್ಲಿ ಪೀಠದ ಮೇಲೆ ಕುಳಿತ ಹೆಣ್ಣು, ಒಂದು ಕೈಯಲ್ಲಿ ಉದ್ದನೆಯ ರಾಜದಂಡ, ಇನ್ನೊಂದರಲ್ಲಿ ಕೊಂಬೆ. ಎರಡೂ ಬದಿಗೆ 'ಪ್ರಧಾನ ಅರ್ಚಕ' ಎಂಬ ಬರಹ. ಕೊಂಬೆಯಿಂದ ಅವಳು ಶಾಂತಿ. ಅಗಸ್ಟಸ್‌ನ ವಿಧವೆ, ಟೈಬೀರಿಯಸ್‌ನ ತಾಯಿ ಲಿವಿಯಾಳೇ ಆ ರೂಪದಲ್ಲಿ ಕೂತಿದ್ದಾಳೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಇಲ್ಲಿ ಪೀಠದ ಕಾಲುಗಳನ್ನು ಗಮನಿಸಿ: ಕೆಲವದರಲ್ಲಿ ಕಡೆದ ಅಲಂಕಾರ, ಕೆಲವದರಲ್ಲಿ ನೆಟ್ಟನೆಯ ಗೀಟು. ಉಪಮಾದರಿಯನ್ನು ಹೇಳುವುದು ಅದೇ. ಸೀಸರನದನ್ನು ಸೀಸರನಿಗೆ ಕೊಡಿರೆಂದು ಯೇಸು ತೋರಿಸಿದ ನಾಣ್ಯ ಇದೇ ಇರಬಹುದೆಂಬ ಕಾರಣಕ್ಕೆ ಮಾರುಕಟ್ಟೆಯಲ್ಲಿ ಇದಕ್ಕೆ ಬೆಲೆ ಹೆಚ್ಚು, ನಕಲಿಗಳೂ ಹೆಚ್ಚು.

ಬರೆದಿಡುವುದು, ಕಾಪಾಡುವುದು

ಓದಿದ್ದನ್ನು ಅಂದೇ ಬರೆದಿಡಬೇಕು: ತೂಕ, ವ್ಯಾಸ (ಡೆನಾರಿಯಸ್‌ಗಳದು ಸಾಮಾನ್ಯವಾಗಿ 17ರಿಂದ 20 ಮಿಲಿಮೀಟರ್), ಎರಡೂ ಬದಿಯ ಬರಹ ಇದ್ದದ್ದು ಇದ್ದಂತೆ, ಕಾಣದ ಅಕ್ಷರದ ಜಾಗದಲ್ಲಿ ಚುಕ್ಕೆ. ಮುಖ ನೆಟ್ಟಗಿರುವಂತೆ ಹಿಡಿದು ಪುಸ್ತಕದ ಹಾಳೆಯಂತೆ ಬಲದಿಂದ ಎಡಕ್ಕೆ ಮಗುಚಿದಾಗ ಹಿಂಬದಿಯ ಚಿತ್ರದ ತಲೆ ಗಡಿಯಾರದ ಎಷ್ಟು ಗಂಟೆಯ ಕಡೆಗಿದೆ ಎಂಬುದನ್ನೂ ಸೇರಿಸಿ. ಅಚ್ಚುಗಳ ಹೊಂದಾಣಿಕೆಯನ್ನು ಅಧ್ಯಯನ ಮಾಡುವವರಿಗೆ ಅದು ಬೇಕಾಗುತ್ತದೆ. ಆಮೇಲೆ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ನಡೆಸುವ 'ಆನ್‌ಲೈನ್ ಕಾಯಿನ್ಸ್ ಆಫ್ ದಿ ರೋಮನ್ ಎಂಪೈರ್' ಎಂಬ ಉಚಿತ ಜಾಲಸೂಚಿಯಲ್ಲಿ ಚಕ್ರವರ್ತಿ, ಲೋಹ, ಬರಹದ ತುಣುಕು ಕೊಟ್ಟು ಹುಡುಕಿದರೆ ಮಾದರಿಯ ಸಂಖ್ಯೆ ಸಿಗುತ್ತದೆ. ಚಿತ್ರವನ್ನು ಮೊದಲೇ ಹುಡುಕದೆ, ನೀವೇ ಓದಿ ತೀರ್ಮಾನಕ್ಕೆ ಬಂದ ಮೇಲೆ ತಾಳೆ ನೋಡುವುದು ಮೇಲು. ಇಲ್ಲವಾದರೆ ಕಣ್ಣು ತಾನು ಕಾಣಬಯಸಿದ್ದನ್ನೇ ಕಾಣುತ್ತದೆ.

ಎಲ್ಲಿ ಸಿಕ್ಕಿತೆಂಬ ಮಾಹಿತಿ ನಾಣ್ಯದಷ್ಟೇ ಬೆಲೆಯುಳ್ಳದ್ದು. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಸಿಕ್ಕಿದ್ದರೆ, ಅದನ್ನು ಹಂಚಿಕೊಳ್ಳದೆ, ಗಡಿಗೆಯನ್ನೂ ಸುತ್ತಣ ಮಣ್ಣನ್ನೂ ಕದಲಿಸದೆ, ಕಾನೂನಿನಂತೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಕೊಂಡದ್ದಾದರೆ ರಸೀದಿಯನ್ನು ಇಟ್ಟುಕೊಳ್ಳಿ. ನೂರು ವರ್ಷ ಮೀರಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ವಿದೇಶದಲ್ಲಿರುವ ನೆಂಟರಿಗೆ ಉಡುಗೊರೆಯಾಗಿ ಕಳಿಸುವ ಯೋಚನೆಯನ್ನು ಬಿಡಬೇಕು. ಇಡಲು ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲಗಳು ಬೇಡ, ನಮ್ಮ ಸೆಕೆಗೆ ಅವು ಬೆವೆತು ನಾಣ್ಯದ ಮೇಲೆ ಹಸಿರು ಅಂಟನ್ನು ಬಿಡುತ್ತವೆ. ಆಮ್ಲವಿಲ್ಲದ ಕಾಗದದ ಸಣ್ಣ ಲಕೋಟೆಯಲ್ಲಿ ಒಂದೊಂದನ್ನೇ ಹಾಕಿ, ಮೇಲೆ ಪೆನ್ಸಿಲಿನಿಂದ ತೂಕ ಮತ್ತು ಮೂಲವನ್ನು ಬರೆಯಿರಿ. 'ಅಜ್ಜನ ಪೆಟ್ಟಿಗೆಯಲ್ಲಿದ್ದದ್ದು' ಎಂಬಷ್ಟೇ ಗೊತ್ತಿದ್ದರೆ ಅಷ್ಟನ್ನೇ ಬರೆಯಿರಿ.